ರ‍್ಯಾಲಿಗೆ ಹೋಗಲೇ, ಎನ್‌ಡಿಎ ಬರೆಯಲೇ? ಮೊದಲು ಮುಚ್ಚುವ ಬಾಗಿಲು ಯಾವುದು ನೋಡಿ

ಪ್ರಶ್ನೆ: ನಾನು ಅರಕಲಗೂಡು ತಾಲ್ಲೂಕಿನ ಹಳ್ಳಿಯವನು. ಈ ವರ್ಷ ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ, ಶೇ 74 ಬಂದಿದೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಈ ಜೂನ್‌ಗೆ 17 ವರ್ಷ 10 ತಿಂಗಳು. ಸೈನ್ಯಕ್ಕೆ ಸೇರಬೇಕೆಂಬ ಆಸೆ ಚಿಕ್ಕಂದಿನಿಂದ ಇದೆ. ಅಗ್ನಿವೀರ್ ಆಗಿ ಸೇರಿಬಿಡು, ಒಳಗೆ ಹೋದ ಮೇಲೆ ಆಫೀಸರ್ ಆಗಬಹುದು ಅಂತ ಮಾವ ಹೇಳುತ್ತಾರೆ. ಕಾಲೇಜಿನ ಮೇಷ್ಟ್ರು ಎನ್‌ಡಿಎ ಬರೆ ಅನ್ನುತ್ತಾರೆ. ಅಪ್ಪನಿಗೆ ಎರಡು ಎಕರೆ ಜಮೀನು, ಸ್ವಲ್ಪ ಸಾಲ ಇದೆ. ಯಾವುದು ಸರಿ?

ಉತ್ತರ: ನಿಮ್ಮ ವಯಸ್ಸಿನಿಂದಲೇ ಶುರು ಮಾಡೋಣ. ಅಂಕ, ಇಂಗ್ಲಿಷ್, ದೇಹದಾರ್ಢ್ಯ ಇವನ್ನೆಲ್ಲ ತಿದ್ದಿಕೊಳ್ಳಬಹುದು, ಕಳೆದ ತಿಂಗಳು ವಾಪಸ್ ಬರುವುದಿಲ್ಲ.

ಎನ್‌ಡಿಎಗೆ, ಅಂದರೆ ಪಿಯುಸಿ ಆದವರನ್ನು ಆಫೀಸರ್ ತರಬೇತಿಗೆ ತೆಗೆದುಕೊಳ್ಳುವ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ವಯೋಮಿತಿ 16½ರಿಂದ 19½ ವರ್ಷ. ಈ ಲೆಕ್ಕ ಪರೀಕ್ಷೆ ಬರೆಯುವ ದಿನಕ್ಕೆ ಅಂತ ಬಹಳ ಹುಡುಗರು ತಿಳಿದಿರುತ್ತಾರೆ. ಹಾಗಲ್ಲ, ತರಬೇತಿ ಶುರುವಾಗುವ ದಿನಕ್ಕೆ ಲೆಕ್ಕ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ನಡೆಯುವ ಪರೀಕ್ಷೆಯ ತಂಡ ಮುಂದಿನ ಜನವರಿಗೆ ಖಡಕ್‌ವಾಸ್ಲಾಕ್ಕೆ ಹೋಗುತ್ತದೆ, ಸೆಪ್ಟೆಂಬರ್ ಪರೀಕ್ಷೆಯ ತಂಡ ಮುಂದಿನ ಜುಲೈಗೆ. ಈಗ ನಿಮ್ಮದನ್ನು ಕೂಡಿ ನೋಡಿ. ಈ ಸೆಪ್ಟೆಂಬರ್‌ನಲ್ಲಿ ಬರೆದರೆ, ತರಬೇತಿ ಶುರುವಾಗುವಾಗ ನಿಮಗೆ 18 ವರ್ಷ 11 ತಿಂಗಳು. ಬರುವ ಏಪ್ರಿಲ್‌ನಲ್ಲಿ ಬರೆದರೆ 19 ವರ್ಷ 5 ತಿಂಗಳು, ಅಂದರೆ ಮಿತಿಯ ಅಂಚಿನಲ್ಲಿ. ಅದರ ಮುಂದಿನ ಸೆಪ್ಟೆಂಬರ್‌ಗೆ ನೀವು ಅರ್ಜಿಯನ್ನೇ ಹಾಕಲಾರಿರಿ. ಉಳಿದಿರುವುದು ಎರಡೇ ಅವಕಾಶ. ಹುಟ್ಟಿದ ದಿನಾಂಕ ಇಂಥ ದಿನದಿಂದ ಇಂಥ ದಿನದೊಳಗೆ ಇರಬೇಕು ಅಂತ ಅಧಿಸೂಚನೆಯಲ್ಲಿ ಒಂದು ಸಾಲು ಇರುತ್ತದೆ. ಅದನ್ನು ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಪಕ್ಕಕ್ಕಿಟ್ಟು ಓದಿ.

ಅಗ್ನಿವೀರ್, ಅಂದರೆ ನಾಲ್ಕು ವರ್ಷದ ಸಿಪಾಯಿ ಸೇವೆಯ ಮೂಲ ವಯೋಮಿತಿ 17½ರಿಂದ 21 ವರ್ಷ. ಕಳೆದ ಕೆಲವು ವರ್ಷ ಭೂಸೇನೆಯ ಅಧಿಸೂಚನೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬಂದಿದೆ. ಮೊದಲು ಕಂಪ್ಯೂಟರ್ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಮೈದಾನದಲ್ಲಿ ಓಟ, ದೇಹದಾರ್ಢ್ಯ ನೋಡುವ ರ‍್ಯಾಲಿ. ಪದವಿ ಮುಗಿಸಿ ಸಿಡಿಎಸ್ (ಯುಪಿಎಸ್‌ಸಿಯ ಇನ್ನೊಂದು ಆಫೀಸರ್ ಪರೀಕ್ಷೆ) ಬರೆಯುವವರಿಗೆ ಡೆಹ್ರಾಡೂನ್‌ನ ಸೇನಾ ಅಕಾಡೆಮಿ ಐಎಂಎಗೆ 24ರವರೆಗೆ, ಚೆನ್ನೈನ ಆಫೀಸರ್ ತರಬೇತಿ ಅಕಾಡೆಮಿ ಒಟಿಎಗೆ 25ರವರೆಗೆ ಅವಕಾಶ ಉಂಟು. ಹೀಗೆ ಸಾಲಾಗಿಟ್ಟರೆ ಮೊದಲು ಮುಚ್ಚುವ ಬಾಗಿಲು ಎನ್‌ಡಿಎ, ಆಮೇಲೆ ಅಗ್ನಿವೀರ್, ಕಡೆಗೆ ಸಿಡಿಎಸ್. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದದಲ್ಲಿ ಎನ್‌ಡಿಎ, ಅಗ್ನಿವೀರ್ ಎರಡೂ ಒಂದಕ್ಕೊಂದು ಅಡ್ಡ ಅನ್ನುವ ಹಾಗಿದೆ. ನಿಮ್ಮ ವಯಸ್ಸಿಗೆ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಬರೆದು, ಫೆಬ್ರವರಿಯಲ್ಲಿ ಅಗ್ನಿವೀರ್‌ಗೂ ಅರ್ಜಿ ಹಾಕಿ, ಏಪ್ರಿಲ್‌ನಲ್ಲಿ ಎನ್‌ಡಿಎ ಮತ್ತೊಮ್ಮೆ ಬರೆಯಬಹುದು. ಎನ್‌ಡಿಎ ಅರ್ಜಿಗೆ 100 ರೂಪಾಯಿ, ಅಗ್ನಿವೀರ್ ಪರೀಕ್ಷೆಗೆ 250. ಸೆಪ್ಟೆಂಬರ್ ಪರೀಕ್ಷೆಯ ಅರ್ಜಿ ಮೇ ಕೊನೆ, ಜೂನ್‌ನಲ್ಲಿ ತೆರೆದು ಮೂರು ವಾರಕ್ಕೆ ಮುಚ್ಚುವುದು ರೂಢಿ. ಹಾಗಾಗಿ ಈ ಉತ್ತರ ಓದಿ ಮುಗಿಸುವ ಮೊದಲೇ ಯುಪಿಎಸ್‌ಸಿ ತಾಣ ತೆರೆದು ನೋಡಿದರೂ ತಪ್ಪಿಲ್ಲ.

ಇನ್ನು ಮಾವ ಹೇಳಿದ ಮಾತು. ಅದರಲ್ಲಿ ಅರ್ಧ ನಿಜ ಇದೆ, ಆ ಅರ್ಧವೇ ತುಂಬ ಹುಡುಗರನ್ನು ದಾರಿ ತಪ್ಪಿಸಿದೆ. ಸಿಪಾಯಿಯಾಗಿ ಸೇರಿದವರು ಆಫೀಸರ್ ಆಗುವ ದಾರಿ ಸೈನ್ಯದಲ್ಲಿ ಹಿಂದಿನಿಂದಲೂ ಇದೆ. ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜು, ಸೈನಿಕರ ಬಾಯಲ್ಲಿ ಎಸಿಸಿ, ಇರುವುದೇ ಅದಕ್ಕೆ. ಕನಿಷ್ಠ 2 ವರ್ಷ ಸೇವೆ, ಪಿಯುಸಿ ಪಾಸು, ವಯಸ್ಸು 20ರಿಂದ 27, ಕಮಾಂಡಿಂಗ್ ಆಫೀಸರ ಶಿಫಾರಸು, ಲಿಖಿತ ಪರೀಕ್ಷೆ, ಆಮೇಲೆ ಆಫೀಸರ್ ಆಗುವವರೆಲ್ಲ ಎದುರಿಸುವ ಅದೇ ಎಸ್‌ಎಸ್‌ಬಿ, ಅಂದರೆ ಐದು ದಿನದ ಆಯ್ಕೆ ಸಂದರ್ಶನ. ಆದರೆ ಅದು ಖಾಯಂ ಸೈನಿಕರು ನಡೆದ ದಾರಿ. ಅಗ್ನಿವೀರ್ ಸೇವೆ 4 ವರ್ಷದ್ದು. ಆ 4 ವರ್ಷದ ಕೊನೆಗೆ ಹೆಚ್ಚೆಂದರೆ ಶೇ 25 ಮಂದಿಯನ್ನು ಖಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಅಂದರೆ ಮೊದಲು ನಾಲ್ವರಲ್ಲಿ ಒಬ್ಬರಾಗಬೇಕು, ಆಮೇಲೆ 27 ತುಂಬುವುದರೊಳಗೆ ಎಸಿಸಿ ಗೆಲ್ಲಬೇಕು. ಆಗದ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ಆಫೀಸರ್ ಆಗಲೇಬೇಕು ಅನ್ನುವವರು ಅಗ್ನಿವೀರ್ ಅನ್ನು ಮೆಟ್ಟಿಲು ಅಂದುಕೊಂಡು ಹತ್ತಬಾರದು. ಎನ್‌ಡಿಎ ಬಾಗಿಲು ಕಣ್ಣೆದುರು ತೆರೆದಿರುವಾಗ ಹಿಂದಿನ ಗೋಡೆ ಹಾರಿ ಒಳಗೆ ಹೋಗುವ ಲೆಕ್ಕ ಯಾಕೆ?

ಇದನ್ನು ಕೆಲಸದ ದೃಷ್ಟಿಯಿಂದಲೂ ನೋಡಬೇಕು. ಆಫೀಸರ್ ಮೇಲಿನ ಸಿಪಾಯಿ ಅಲ್ಲ, ಸಿಪಾಯಿ ಕೆಳಗಿನ ಆಫೀಸರ್ ಅಲ್ಲ. ಎರಡೂ ಬೇರೆ ಬೇರೆ ಉದ್ಯೋಗ. ಇಪ್ಪತ್ತೆರಡರ ಆಸುಪಾಸಿನ ಲೆಫ್ಟಿನೆಂಟ್ ಕೈಗೆ ಮೂವತ್ತು ಚಿಲ್ಲರೆ ಜನರ ಪ್ಲಟೂನ್ ಬರುತ್ತದೆ. ಯಾರಿಗೆ ರಜೆ ಕೊಡಬೇಕು, ಯಾರ ಮನೆಯಲ್ಲಿ ಏನು ತೊಂದರೆ, ರಾತ್ರಿ ಗಸ್ತು ಯಾವ ದಾರಿಯಲ್ಲಿ ಹೋಗಬೇಕು, ಹೋದವರು ಬರಲಿಲ್ಲವಾದರೆ ಏನು ಮಾಡಬೇಕು, ಇದೆಲ್ಲಕ್ಕೂ ಉತ್ತರ ಹೇಳಬೇಕಾದವರು ಅವರೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಸೇವೆಯಾದ ಸುಬೇದಾರರು ಅವರ ಕೆಳಗಿರುತ್ತಾರೆ, ಅವರಿಂದ ಕಲಿಯುತ್ತಲೇ ಅವರಿಗೆ ಆದೇಶ ಕೊಡಬೇಕು. ಸಿಪಾಯಿಯದು ಕಸುಬು ಕೈಯಲ್ಲಿರುವ ಕೆಲಸ: ಬಂದೂಕು, ತೋಪು, ರೇಡಿಯೊ, ಗಾಡಿ, ಸೇತುವೆ ಕಟ್ಟುವುದು, ಗಾಯಾಳು ಆರೈಕೆ. ತನ್ನ ಕೆಲಸವನ್ನು ಕತ್ತಲಲ್ಲೂ ಮಳೆಯಲ್ಲೂ ತಪ್ಪಿಲ್ಲದೆ ಮಾಡುವವನೇ ಒಳ್ಳೆಯ ಸೈನಿಕ. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಖುಷಿ ಕಾಣುವವರು, ಹತ್ತು ಜನರನ್ನು ಸಂಭಾಳಿಸುವುದು ಅಂದರೆ ಮೈಮೇಲೆ ಹಾವು ಬಿಟ್ಟುಕೊಂಡ ಹಾಗೆ ಅನ್ನುವವರು ಇದ್ದಾರೆ. ಅಂಥವರು ಸಿಪಾಯಿ ದಾರಿ ಹಿಡಿದರೆ ಅದು ಸೋಲು ಅಂತ ಯಾರೂ ಹೇಳಕೂಡದು. ನೀವು ಯಾವ ಕಡೆ ಅನ್ನುವುದನ್ನು ಊರ ಹಬ್ಬದಲ್ಲಿ, ಕಾಲೇಜಿನ ಕ್ರೀಡಾಕೂಟದಲ್ಲಿ ಯಾರೂ ಹೇಳದೆ ನೀವು ಕೈಗೆತ್ತಿಕೊಂಡ ಕೆಲಸ ಯಾವುದು ಅಂತ ನೆನೆಸಿಕೊಂಡು ನೋಡಿ.

ಹಣದ ಮಾತು. ಅಪ್ಪನ ಸಾಲ ಬರೆದಿದ್ದೀರಿ, ಅದನ್ನು ಬದಿಗಿಟ್ಟು ಉತ್ತರ ಹೇಳುವುದು ಸರಿಯಲ್ಲ. ಅಗ್ನಿವೀರ್‌ಗೆ ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ ಶೇ 30 ಸೇವಾ ನಿಧಿಗೆ ಕಡಿತವಾಗಿ ಕೈಗೆ 21,000. ಎರಡನೇ ವರ್ಷ ಕೈಗೆ 23,100, ಮೂರನೇ ವರ್ಷ 25,550, ನಾಲ್ಕನೇ ವರ್ಷ 28,000. ನಾಲ್ಕು ವರ್ಷದಲ್ಲಿ ಕೈಗೆ ಬರುವ ಒಟ್ಟು ಸುಮಾರು 11.7 ಲಕ್ಷ. ಕಡಿತವಾದದ್ದು 5.02 ಲಕ್ಷ, ಸರ್ಕಾರ ಅಷ್ಟೇ ಸೇರಿಸುತ್ತದೆ, ಬಡ್ಡಿ ಸೇರಿ ಹೊರಬರುವಾಗ ಹತ್ತಿರ ಹತ್ತಿರ 11.71 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯಲ್ಲಿರುವಷ್ಟು ಕಾಲ 48 ಲಕ್ಷದ ಜೀವ ವಿಮೆ, ಅದಕ್ಕೆ ನಿಮ್ಮಿಂದ ಕಂತು ಇಲ್ಲ. ಇದು ಕಡಿಮೆ ಹಣವಲ್ಲ. ಆದರೆ ಹೊರಬಂದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ, ಹಾಗಾಗಿ ಕ್ಯಾಂಟೀನ್ ಕಾರ್ಡ್ ಮತ್ತು ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ನಡುವೆ ಮನಸ್ಸು ಬದಲಾಗಿ ಬಿಟ್ಟು ಬರುತ್ತೇನೆ ಅನ್ನುವ ಹಾಗಿಲ್ಲ. ತೀರ ವಿಶೇಷ ಸಂದರ್ಭದಲ್ಲಿ ಅನುಮತಿ ಸಿಕ್ಕರೂ ನಿಮ್ಮ ಪಾಲಿನ ನಿಧಿ, ಅದರ ಬಡ್ಡಿ ಮಾತ್ರ ಸಿಗುತ್ತದೆ, ಸರ್ಕಾರದ ಪಾಲು ಇಲ್ಲ. ನಾಲ್ಕು ವರ್ಷ ಮದುವೆಯೂ ಆಗುವ ಹಾಗಿಲ್ಲ. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಶೇ 10 ಮೀಸಲು 2022ರಲ್ಲೇ ಘೋಷಣೆಯಾಯಿತು, ಅದೊಂದು ಆಸರೆ ನಿಜ.

ಎನ್‌ಡಿಎಯಲ್ಲಿ ಮೂರು ವರ್ಷದ ತರಬೇತಿ, ಊಟ, ವಸತಿ ಎಲ್ಲ ಸರ್ಕಾರದ್ದು. ಆದರೆ ಆ ಮೂರು ವರ್ಷ ಸಂಬಳ ಇಲ್ಲ. ಕೈಖರ್ಚು, ಸೇರುವಾಗಿನ ಒಂದಷ್ಟು ಠೇವಣಿ ಮನೆಯವರದ್ದು. ಬಡ ಕುಟುಂಬದವರಿಗೆ ನೆರವು ಕೇಳುವ ಅವಕಾಶ ಅಧಿಸೂಚನೆಯಲ್ಲೇ ಇರುತ್ತದೆ. ಮುಗಿಸಿದವರಿಗೆ ಜೆಎನ್‌ಯು ಪದವಿ ಸಿಗುತ್ತದೆ. ಆಮೇಲೆ ಡೆಹ್ರಾಡೂನ್‌ನ ಐಎಂಎಯಲ್ಲಿ ಒಂದು ವರ್ಷ, ಅಲ್ಲಿ ತಿಂಗಳಿಗೆ 56,100 ಸ್ಟೈಪೆಂಡ್. ಲೆಫ್ಟಿನೆಂಟ್ ಆದ ಮೇಲೆ ಮೂಲವೇತನ 56,100, ಮಿಲಿಟರಿ ಸರ್ವೀಸ್ ಪೇ 15,500, ಮೇಲೆ ತುಟ್ಟಿಭತ್ಯೆ. ಮನೆಗೆ ಹಣ ಕಳಿಸುವುದು ಮೂರು ವರ್ಷ ತಡವಾಗುತ್ತದೆ. ಅಪ್ಪನ ಜೊತೆ ಕೂತು ಕೇಳಬೇಕಾದ ಪ್ರಶ್ನೆ ಇಷ್ಟೇ: ಮೂರು ವರ್ಷ ಮನೆ ನಿಭಾಯಿಸಬಹುದೇ? ಸಾಲ ಸೊಸೈಟಿಯದೋ ಬ್ಯಾಂಕಿನದೋ ಆಗಿದ್ದರೆ ಮರುಪಾವತಿಗೆ ಕಾಲಾವಕಾಶ ಕೇಳಬಹುದು. ಮೀಟರ್ ಬಡ್ಡಿ ಆಗಿದ್ದರೆ ಮಾತೇ ಬೇರೆ. ಆಗ ಮುಂದಿನ ವರ್ಷದ ಅಗ್ನಿವೀರ್ ನಿಮ್ಮ ಪಾಲಿಗೆ ಸರಿಯಾದ ನಿರ್ಧಾರವೇ ಇರಬಹುದು. ಮನೆ ಉಳಿಸಲು ಹೋದ ಮಗ ಆಸೆ ಬಿಟ್ಟುಕೊಟ್ಟ ಅಂತ ಯಾರೂ ಕೊರಗಬೇಕಿಲ್ಲ.

ಈಗ ಎನ್‌ಡಿಎ ಲಿಖಿತ ಪರೀಕ್ಷೆ. ಒಟ್ಟು 900 ಅಂಕ: ಗಣಿತ 300, ಜನರಲ್ ಎಬಿಲಿಟಿ 600. ಗಣಿತದಲ್ಲಿ 120 ಪ್ರಶ್ನೆ, ಪ್ರತಿಯೊಂದಕ್ಕೆ 2.5 ಅಂಕ, ತಪ್ಪಾದರೆ 0.83 ಕಡಿತ. ಜನರಲ್ ಎಬಿಲಿಟಿಯಲ್ಲಿ 150 ಪ್ರಶ್ನೆ, ತಲಾ 4 ಅಂಕ, ತಪ್ಪಿಗೆ 1.33 ಕಡಿತ. ಎರಡಕ್ಕೂ ತಲಾ ಎರಡೂವರೆ ಗಂಟೆ. ಈಚಿನ ವರ್ಷಗಳಲ್ಲಿ ಲಿಖಿತದ ಕಟಾಫ್ ಸುಮಾರು 290ರಿಂದ 360ರ ನಡುವೆ ಓಡಾಡಿದೆ. ಕೇಳಲು ಕಡಿಮೆ ಅನ್ನಿಸುತ್ತದೆ, ಎಡವುವುದೂ ಅಲ್ಲೇ. ಗಣಿತದಲ್ಲಿ 120ಕ್ಕೆ 120 ಗುರುತು ಹಾಕಿ ಬರುವವರು ಮುಳುಗುತ್ತಾರೆ. 60 ಪ್ರಶ್ನೆ ಮುಟ್ಟಿ, 45 ಸರಿ, 15 ತಪ್ಪು ಮಾಡಿದರೆ 100 ಅಂಕ. ಜನರಲ್ ಎಬಿಲಿಟಿಯಲ್ಲಿ 100 ಮುಟ್ಟಿ, 70 ಸರಿ, 30 ತಪ್ಪು ಮಾಡಿದರೆ 240. ಒಟ್ಟು 340. ನೂರಕ್ಕೆ ನೂರು ಬೇಕಿಲ್ಲ, ಗೊತ್ತಿಲ್ಲದ್ದನ್ನು ಬಿಡುವ ಧೈರ್ಯ ಬೇಕು. ಪ್ರತಿ ವಿಷಯದಲ್ಲೂ ಕನಿಷ್ಠ ಶೇಕಡಾವಾರು ಅಂಕ ಬೇಕು, ಹಾಗಾಗಿ ಗಣಿತ ಕೈಬಿಟ್ಟು ಬರೀ ಜಿಕೆ ಮೇಲೆ ದಾಟುವುದು ಆಗದು.

ನಿಮಗೆ ಅನುಕೂಲವಾದ ಸಂಗತಿ ಏನೆಂದರೆ, ನಮ್ಮ ಪಿಯು ವಿಜ್ಞಾನ ಮತ್ತು ಗಣಿತದ ಪಠ್ಯ ಎನ್‌ಸಿಇಆರ್‌ಟಿಯದ್ದೇ. ಮ್ಯಾಟ್ರಿಕ್ಸ್, ತ್ರಿಕೋನಮಿತಿ, ಕ್ಯಾಲ್ಕುಲಸ್, ಪ್ರಾಬಬಿಲಿಟಿ ಇವನ್ನು ನೀವು ಈಗಷ್ಟೇ ಓದಿ ಮುಗಿಸಿದ್ದೀರಿ. ಇನ್ನು ಮೂರು ತಿಂಗಳಲ್ಲಿ ಹೊಸದಾಗಿ ಕಲಿಯಬೇಕಾದದ್ದು ವೇಗ. ಹಿಂದಿನ ಹತ್ತು ಪ್ರಶ್ನೆಪತ್ರಿಕೆ ಯುಪಿಎಸ್‌ಸಿ ತಾಣದಿಂದ ಇಳಿಸಿಕೊಳ್ಳಿ. ಗಡಿಯಾರ ಇಟ್ಟು ವಾರಕ್ಕೆರಡು ಬರೆಯಿರಿ. ತಪ್ಪಾದ ಪ್ರಶ್ನೆಗಳದ್ದೇ ಒಂದು ನೋಟ್‌ಬುಕ್ ಇರಲಿ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇರುವುದಿಲ್ಲ. ಇಂಗ್ಲಿಷ್ ಭಾಗಕ್ಕೇ 200 ಅಂಕ, ಅಂದರೆ 50 ಪ್ರಶ್ನೆ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ ಗಟ್ಟಿಯಾಗಿ ಓದಿ, ಹತ್ತು ಪದ ಬರೆದಿಟ್ಟುಕೊಳ್ಳಿ. ಕನ್ನಡ ಶಾಲೆ ಅಡ್ಡಿ ಅಂದುಕೊಂಡು ಕುಗ್ಗಬೇಡಿ. ನಿಮ್ಮದೇ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು, ವಿಜಯಪುರದ ಸೈನಿಕ ಶಾಲೆ ಸೇರಿ, ಎನ್‌ಡಿಎಗೆ ಹೋದವರು.

ಲಿಖಿತ ದಾಟಿದವರಿಗೆ ಎಸ್‌ಎಸ್‌ಬಿ, ಅದಕ್ಕೂ 900 ಅಂಕ. ಭೂಸೇನೆಗೆ ಆಯ್ಕೆ ಕೇಂದ್ರ ಬೆಂಗಳೂರಿನಲ್ಲಿದೆ, ವಾಯುಪಡೆಯ ಮಂಡಳಿ ಮೈಸೂರಿನಲ್ಲಿದೆ. ಎರಡೂ ಹಾಸನದಿಂದ ಮೂರ‍್ನಾಲ್ಕು ಗಂಟೆಯ ದಾರಿ. ಆದರೆ ಕರೆ ಬೇರೆ ಕೇಂದ್ರಕ್ಕೂ ಬರಬಹುದು. ಒಟ್ಟು ಐದು ದಿನ. ಮೊದಲ ದಿನವೇ ಬಹಳ ಮಂದಿಯನ್ನು ಮನೆಗೆ ಕಳಿಸುತ್ತಾರೆ. ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡ್ ತೋರಿಸಿ, 4 ನಿಮಿಷದಲ್ಲಿ ಕಥೆ ಬರೆಸಿ, ಆಮೇಲೆ ಗುಂಪಿನಲ್ಲಿ ಪ್ರತಿಯೊಬ್ಬರಿಂದಲೂ ಅದನ್ನು ಹೇಳಿಸಿ, ಚರ್ಚೆಗೆ ಬಿಡುತ್ತಾರೆ. ನಮ್ಮ ಕಡೆಯ ಹುಡುಗರು ಇಲ್ಲಿ ಬೀಳುವುದು ಎರಡು ಕಾರಣಕ್ಕೆ. ಒಂದು, ಕೋಚಿಂಗ್‌ನಲ್ಲಿ ಉರುಹೊಡೆದ ಕಥೆಯನ್ನು ಯಾವ ಚಿತ್ರಕ್ಕಾದರೂ ತಗುಲಿಸುವುದು. ಮಳೆಯಲ್ಲಿ ನಿಂತ ಮುದುಕಿಯ ಚಿತ್ರಕ್ಕೆ ಊರಿನ ಯುವಕ ರಕ್ತದಾನ ಶಿಬಿರ ಮಾಡಿದ ಕಥೆ ಬರೆದರೆ ಅದು ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡು, ಗುಂಪಿನ ಗಲಾಟೆಯಲ್ಲಿ ಬಾಯಿ ತೆರೆಯದೆ ಕೂತುಬಿಡುವುದು. ಇಂಗ್ಲಿಷ್ ವ್ಯಾಕರಣಕ್ಕೆ ಅಲ್ಲಿ ಅಂಕ ಇಲ್ಲ, ತಡವರಿಸಿದರೂ ಪರವಾಗಿಲ್ಲ. ಇಡೀ ಚರ್ಚೆಯಲ್ಲಿ ಮೂರು ಸಲವಾದರೂ ಗುಂಪಿಗೆ ಉಪಯೋಗವಾಗುವ ಮಾತು ಹೇಳಬೇಕು, ಬೇರೆಯವರು ಹೇಳಿದ್ದನ್ನು ಎತ್ತಿಕೊಂಡು ಮುಂದುವರಿಸಬೇಕು. ಎರಡನೇ ದಿನ ಮನಶ್ಶಾಸ್ತ್ರದ ಪರೀಕ್ಷೆ: 60 ಪದ, ಪದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ, 60 ಸನ್ನಿವೇಶ, ಅರ್ಧ ಗಂಟೆ. ಸುಳ್ಳು ವ್ಯಕ್ತಿತ್ವ ಕಟ್ಟಲು ಸಮಯವೇ ಸಿಗುವುದಿಲ್ಲ. ಹೊಲದ ಕೆಲಸ, ತಂಗಿಯ ಓದು, ಊರಿನ ಕಬಡ್ಡಿ ತಂಡ, ನಿಮಗೆ ನಿಜವಾಗಿ ಗೊತ್ತಿರುವುದನ್ನೇ ಬರೆಯಿರಿ.

ಅಗ್ನಿವೀರ್ ಕಡೆಗೂ ತಯಾರಿ ಬೇಕು. ಜನರಲ್ ಡ್ಯೂಟಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಸಾಕು. ನೀವು ಪಿಸಿಎಂ ಓದಿದ್ದರಿಂದ ಟೆಕ್ನಿಕಲ್ ವಿಭಾಗಕ್ಕೆ ಅರ್ಹರು, ಅಲ್ಲಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇಂಗ್ಲಿಷ್‌ನಲ್ಲಿ ಒಟ್ಟು ಶೇ 50, ತಲಾ ಶೇ 40 ಬೇಕು. ಹೋಗುವುದಾದರೆ ಟೆಕ್ನಿಕಲ್‌ಗೇ ಹೋಗಿ. ನಾಲ್ಕು ವರ್ಷದ ನಂತರ ಹೊರಬಂದರೆ ಕೈಯಲ್ಲೊಂದು ಕಸುಬು ಇರುತ್ತದೆ.

ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ, ತಡವಾದಷ್ಟೂ ಅಂಕ ಇಳಿಯುತ್ತದೆ. 400 ಮೀಟರ್ ಟ್ರ್ಯಾಕ್‌ನಲ್ಲಿ ಇದು ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡ್. ಸೋಲುವವರು ಸೋಲುವುದು ಮೊದಲ ಸುತ್ತಿನಲ್ಲೇ. ನೂರಾರು ಹುಡುಗರ ನೂಕುನುಗ್ಗಲಲ್ಲಿ ಹುರುಪಿಗೆ ಬಿದ್ದು 68, 70 ಸೆಕೆಂಡಿನಲ್ಲಿ ಓಡಿಬಿಡುತ್ತಾರೆ, ಮೂರನೇ ಸುತ್ತಿಗೆ ಕಾಲು ಕಲ್ಲಾಗಿ 95ಕ್ಕೆ ಜಾರುತ್ತದೆ. ಸುತ್ತಿನ ಸಮಯ ಮೈಗೆ ಹತ್ತುವವರೆಗೆ ಅಭ್ಯಾಸ ಮಾಡಬೇಕು. ವಾರಕ್ಕೊಂದು ದಿನ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಬಂದು ಅಳತೆಯ ಟ್ರ್ಯಾಕ್‌ನಲ್ಲಿ ಓಡಿ. 400 ಮೀಟರ್‌ಗೆ 80 ಸೆಕೆಂಡ್, ಒಂದೂವರೆ ನಿಮಿಷ ವಿಶ್ರಾಂತಿ, ಹೀಗೆ ಆರು ಸಲ. ಉಳಿದ ದಿನ ಊರಲ್ಲಿ 4, 5 ಕಿಲೋಮೀಟರ್ ನಿಧಾನ ಓಟ, ಅದೂ ಡಾಂಬರು ರಸ್ತೆ ಬಿಟ್ಟು ಕೆರೆ ಏರಿಯ ಮಣ್ಣಿನ ಮೇಲೆ. ಡಾಂಬರಿನ ಮೇಲೆ ಹಳೆ ಶೂನಲ್ಲಿ ದಿನವೂ ಓಡಿದರೆ ಮೊಣಕಾಲ ಕೆಳಗಿನ ಮುಂಗಾಲ ಮೂಳೆ ನೋಯಲು ಶುರುವಾಗುತ್ತದೆ. ಅದನ್ನು ಲೆಕ್ಕಿಸದೆ ಓಡಿದವರು ರ‍್ಯಾಲಿ ದಿನ ಕುಂಟುತ್ತಾ ಬರುತ್ತಾರೆ. ಪುಲ್-ಅಪ್ 10 ಹೊಡೆದರೆ 40 ಅಂಕ, 6ಕ್ಕೆ 16. ಕೈ ಪೂರ್ತಿ ನೇರವಾಗಿ ಜೋತು, ಗದ್ದ ಕಂಬಿ ದಾಟಿದರೆ ಮಾತ್ರ ಒಂದು ಎಣಿಕೆ. ಒಂಬತ್ತು ಅಡಿ ಹಳ್ಳ ಹಾರುವುದು, ಹಾವಿನಂತೆ ಅಂಕುಡೊಂಕಾದ ಕಿರಿದಾದ ತೊಲೆಯ ಮೇಲೆ ನಡೆಯುವುದು, ಇವೆರಡಕ್ಕೆ ಅಂಕವಿಲ್ಲ, ದಾಟಲೇಬೇಕು.

ಎರಡೂ ದಾರಿಯಲ್ಲಿ ವೈದ್ಯಕೀಯ ತಪಾಸಣೆ ಇದೆ. ವರ್ಷಗಟ್ಟಲೆ ಓಡಿ, ಓದಿ, ಕೊನೆಗೆ ಬಣ್ಣಗುರುಡು ಅಂತ ಗೊತ್ತಾಗಿ ವಾಪಸ್ ಬರುವುದಕ್ಕಿಂತ ನೋವು ಬೇರೆ ಇಲ್ಲ. ಈ ವಾರವೇ ಹಾಸನದ ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ದೃಷ್ಟಿ ಮತ್ತು ಬಣ್ಣದ ಪರೀಕ್ಷೆ ಮಾಡಿಸಿ. ಹಾಗೇ ಕಿವಿಯ ಗುಗ್ಗೆ, ಚಪ್ಪಟೆ ಪಾದ, ನಿಂತಾಗ ಮಂಡಿ ತಾಗುವುದು, ಕಾಲಲ್ಲಿ ಉಬ್ಬಿದ ನರ, ಹುಳುಕು ಹಲ್ಲು ಇವನ್ನೂ ತೋರಿಸಿ. ಗುಗ್ಗೆ, ಹಲ್ಲು ಸರಿಯಾಗುತ್ತವೆ. ಸರಿಯಾಗದ್ದು ಏನಾದರೂ ಇದ್ದರೆ ಈಗಲೇ ತಿಳಿದರೆ ದಾರಿ ಬದಲಿಸಲು ಸಮಯ ಇರುತ್ತದೆ. ಹಚ್ಚೆ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಬಿಡಿ.

ಎನ್‌ಡಿಎ ಎರಡು ಸಲವೂ ಆಗಲಿಲ್ಲ ಅನ್ನಿ. ಅದಕ್ಕೇ ಈ ವರ್ಷವೇ ಪದವಿಗೆ ಸೇರಿರಬೇಕು ಅನ್ನುವುದು. ಬರೀ ತಯಾರಿ ಅಂತ ಒಂದು ವರ್ಷ ಮನೆಯಲ್ಲಿ ಕೂರಬೇಡಿ. ಬಿಎಸ್‌ಸಿ ಇರಲಿ, ಬೇರೆ ಯಾವುದೇ ಇರಲಿ, ಎನ್‌ಸಿಸಿ ಘಟಕ ಇರುವ ಕಾಲೇಜು ಆರಿಸಿ, ಮೊದಲ ವಾರವೇ ಹೆಸರು ಕೊಡಿ, ತಡವಾದರೆ ಜಾಗ ತುಂಬಿಬಿಡುತ್ತದೆ. ಮೂರು ವರ್ಷಕ್ಕೆ ಸಿ ಸರ್ಟಿಫಿಕೇಟ್ ಬಿ ಗ್ರೇಡ್‌ನಲ್ಲಿ ಬಂದು, ಪದವಿಯಲ್ಲಿ ಶೇ 50 ಇದ್ದರೆ, ಲಿಖಿತ ಪರೀಕ್ಷೆಯೇ ಇಲ್ಲದೆ ನೇರ ಎಸ್‌ಎಸ್‌ಬಿಗೆ ಅರ್ಜಿ ಹಾಕುವ ಎನ್‌ಸಿಸಿ ವಿಶೇಷ ಪ್ರವೇಶ ಇದೆ. ಜೊತೆಗೆ ಸಿಡಿಎಸ್ ವರ್ಷಕ್ಕೆ ಎರಡು ಸಲ. ಎನ್‌ಸಿಸಿ ಪ್ರವೇಶ, ಒಟಿಎ ಇವುಗಳಿಂದ ಸಿಗುವ ಶಾರ್ಟ್ ಸರ್ವೀಸ್ ಕಮಿಷನ್, ಅಂದರೆ ಅಲ್ಪಾವಧಿಯ ಆಫೀಸರ್ ಸೇವೆ, 10 ವರ್ಷ, ಬೇಕಿದ್ದರೆ 14ಕ್ಕೆ ವಿಸ್ತರಣೆ, ಅದಕ್ಕೆ ಪಿಂಚಣಿ ಇಲ್ಲ ಅನ್ನುವುದು ಗೊತ್ತಿರಲಿ. ಮುಂದಿನ ಜೆಇಇ ಮೇನ್ ಬರೆದರೆ ಪಿಸಿಎಂ ಶೇ 60 ಇರುವವರಿಗೆ ಭೂಸೇನೆಯ ಟಿಇಎಸ್, ಅಂದರೆ ತಾಂತ್ರಿಕ ವಿಭಾಗದ ಆಫೀಸರ್ ಪ್ರವೇಶವೂ ಇದೆ, ಆದರೆ ಅಲ್ಲೂ ಮಿತಿ 19½, ಆ ಹೊತ್ತಿಗೆ ನೀವು ಅಂಚಿಗೆ ಬಂದಿರುತ್ತೀರಿ. ದಿನಾಂಕ ನೋಡಿಯೇ ಮುಂದುವರಿಯಿರಿ.

ಅಗ್ನಿವೀರ್ ಆಗಿಯೇ ಹೋಗುವ ಪರಿಸ್ಥಿತಿ ಬಂದರೆ ಒಂದು ಕೆಲಸ ಮರೆಯಬೇಡಿ. ಸೇವೆಯಲ್ಲಿದ್ದಾಗಲೇ ಇಗ್ನೋದ ಅಗ್ನಿವೀರ್ ಪದವಿಗೆ ಹೆಸರು ನೋಂದಾಯಿಸಿ, ಅಲ್ಲಿನ ತರಬೇತಿಗೇ ಅರ್ಧದಷ್ಟು ಕ್ರೆಡಿಟ್ ಸಿಗುತ್ತದೆ. 22, 23ಕ್ಕೆ ಹೊರಬರುವಾಗ ಕೈಯಲ್ಲಿ ಪದವಿ ಇದ್ದರೆ ಸಿಡಿಎಸ್‌ಗೆ ಇನ್ನೂ ಒಂದೆರಡು ವರ್ಷ ಬಾಕಿ ಇರುತ್ತದೆ. ಮಾವ ಹೇಳಿದ ದಾರಿ ನಿಜವಾಗುವುದಾದರೆ ಬಹುಮಟ್ಟಿಗೆ ಹೀಗೆ.

ಯಾರಾದರೂ ಸೈನ್ಯಕ್ಕೆ ಸೇರಿಸುತ್ತೇನೆ, ಇಷ್ಟು ಲಕ್ಷ ಕೊಡಿ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಮೂಲ ಅಂಕಪಟ್ಟಿ ಅಡವಿಡಲು ಕೇಳಿದರೆ ಕೊಡಲೇಬೇಡಿ. ಅಂಕಪಟ್ಟಿ ಕೈತಪ್ಪಿ, ದಾಖಲೆ ಪರಿಶೀಲನೆಗೆ ಬರಿಗೈಯಲ್ಲಿ ನಿಂತ ಹುಡುಗರಿದ್ದಾರೆ.

ಅರ್ಜಿ ಹಾಕುವ ಮೊದಲು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಮೇಜಿನ ಮೇಲಿಡಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿಸಿ ಬರೆದಿರುತ್ತಾರೆ. ಅಪ್ಪನ ಹೆಸರಿನ ಕೊನೆಯಲ್ಲಿ ಒಂದರಲ್ಲಿ ‘ಗೌಡ’ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದೂ ಉಂಟು. ಎರಡೂ ಕಡೆ ಅದನ್ನೇ ಪ್ರಶ್ನೆ ಮಾಡುತ್ತಾರೆ. ಅರ್ಜಿಯಲ್ಲಿ ಅಂಕಪಟ್ಟಿಯ ಹೆಸರನ್ನು ಅಕ್ಷರ ಬದಲಾಗದಂತೆ ಬರೆಯಿರಿ, ಆಧಾರ್ ಅನ್ನು ಅದಕ್ಕೆ ಹೊಂದಿಸಿ ತಿದ್ದಿಸಿ. ತಿದ್ದುಪಡಿಗೆ ಕೆಲವು ವಾರ ಹಿಡಿಯಬಹುದು. ಜಾತಿ ಮತ್ತು ವಾಸಸ್ಥಳ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗುವ ದಿನವೇ ಆಧಾರ್ ಕೇಂದ್ರದ ಕೆಲಸವನ್ನೂ ಮುಗಿಸಿಕೊಂಡು ಬನ್ನಿ.